ಸೊಂಟದ ಅರ್ಧ ಇಂಚು

"ನೋಡಿ, ಸೊಂಟ ಎರಡಿಂಚು ಟೈಟ್ ಮಾಡ್ಬೇಕಿತ್ತು" ಎಂದು ಮೇಷ್ಟ್ರು ಪ್ಯಾಂಟನ್ನು ಕೌಂಟರಿನ ಮೇಲಿಟ್ಟಾಗ ಟೈಲರಕ್ಕನಿಗೆ ನಗು ಬಂತು. ನಲವತ್ತು ದಾಟಿದ ಗಂಡಸರು ಅವಳ ಅಂಗಡಿಗೆ ಪ್ಯಾಂಟು ತರುವುದೇ ಸೊಂಟ ಲೂಸ್ ಮಾಡಿಸಲು. ಬಿಗಿ ಮಾಡಿಸಲು ಬಂದವರು ಇವರೇ ಮೊದಲು.

"ಏನ್ ಮೇಷ್ಟ್ರೇ, ಡಯಟ್ ಜೋರಾ? ಹುಡುಗಿ ಗೊತ್ತಾಯ್ತಾ?"

ಭೂಗೋಳ ಕಲಿಸುವ ಒಂಟಿ ಮನುಷ್ಯ. ಕನ್ನಡಕದ ಹಿಂದೆ ಕಣ್ಣು ಒಂದು ಗಳಿಗೆ ತಡವರಿಸಿತು. "ಹ್ಞೂಂ, ಹಾಗೇ ಅಂದ್ಕೊಳ್ಳಿ."

ಅಂದುಕೊಂಡಳು. ಅಲ್ಲೇ ಎಡವಿದಳು ನೋಡಿ.

ಮೂವತ್ತೆಂಟರ ಆಕೆ ಇಡೀ ಬೀದಿಗೆ ಅಕ್ಕ. ಹಾಲಿನವನಿಂದ ಹಿಡಿದು ಬ್ಯಾಂಕ್ ಮ್ಯಾನೇಜರ್ ತನಕ ಎಲ್ಲರಿಗೂ ಅಕ್ಕ. ಅಪ್ಪ ಬಿಟ್ಟುಹೋದ ಮಿಷನ್ನು, ಅಂಗಡಿ ಮೇಲೊಂದು ರೂಮು, ಶಟರ್ ಎಳೆದ ಮೇಲೆ ಮಾತಿಗೆ ರೇಡಿಯೊ, ಇಷ್ಟೇ ಅವಳ ಸಂಸಾರ. ಮೇಷ್ಟ್ರು ಒಬ್ಬರೇ ಅವಳನ್ನು ಅಕ್ಕ ಎನ್ನುತ್ತಿರಲಿಲ್ಲ. "ನೋಡಿ" ಎಂದು ಮಾತು ಶುರುಮಾಡುತ್ತಿದ್ದರು. ಆ ಒಂದು "ನೋಡಿ"ಗಾಗಿ ಅವಳು ವರ್ಷಗಟ್ಟಲೆ ಕಿವಿ ನಿಮಿರಿಸಿಕೊಂಡು ಕಾದಿದ್ದಳು. ಈಗ ಯಾವಳೋ ಬಂದಳಲ್ಲ ಎಂದು ಆ ಪ್ಯಾಂಟನ್ನು ಮೂತಿ ಊದಿಸಿಕೊಂಡೇ ಹೊಲಿದಳು.

ಆರು ವಾರಕ್ಕೆ ಮೇಷ್ಟ್ರು ಮತ್ತೆ ಬಂದರು. ಅದೇ ಪ್ಯಾಂಟು, ಇನ್ನೂ ಒಂದೂವರೆ ಇಂಚು.

"ಸಾಕು ಬಿಡಿ, ಗಾಳಿಗೆ ಹಾರ್‌ಹೋಗ್ತೀರ."

ಈ ಸಲ ಅವರು ತಮಾಷೆಗೆ ಸೇರಲಿಲ್ಲ. "ನೋಡಿ, ಹೆಚ್ಚಾದ ಬಟ್ಟೆ ಒಳಗಡೆ ಒತ್ತುತ್ತೆ. ಕತ್ತರಿಸಿ ಬಿಸಾಕಿ. ಇನ್ನು ಅದು ಬೇಕಾಗಲ್ಲ."

ಟೈಲರಕ್ಕನಿಗೆ ಸರ್ರನೆ ಸಿಟ್ಟು ಬಂತು. ಬಿಗಿ ಮಾಡಿದ ಬಟ್ಟೆಗೆ ಕತ್ತರಿ ತಾಗಿಸಬಾರದು ಎಂಬುದು ಅಪ್ಪ ಕಲಿಸಿದ ಮೊದಲ ಪಾಠ. ಮನುಷ್ಯನ ಮೈ ಇವತ್ತಿದ್ದ ಹಾಗೆ ನಾಳೆ ಇರುವುದಿಲ್ಲ, ಮಡಚಿ ಒಳಗೆ ಇಟ್ಟುಬಿಡು ಎನ್ನುತ್ತಿದ್ದ. "ಕತ್ತರಿಸಲ್ಲ" ಎಂದು ಕಡ್ಡಿ ಮುರಿದಂತೆ ಹೇಳಿದಳು.

"ಪ್ಯಾಂಟ್ ನಂದು."

"ಕತ್ತರಿ ನಂದು."

ಮೇಷ್ಟ್ರು ಪ್ಯಾಂಟನ್ನು ಅವಳ ಕಡೆಗೇ ಸರಿಸಿದರು. "ಕತ್ತರಿಸಿಡಿ. ಗುರುವಾರ ಬರ್ತೀನಿ."

ಗುರುವಾರ ಬರಲಿಲ್ಲ. ಮುಂದಿನ ಗುರುವಾರವೂ ಇಲ್ಲ. ಚೀಟಿ ಚುಚ್ಚಿದ ಪ್ಯಾಂಟು ಹ್ಯಾಂಗರಿನಲ್ಲಿ ಐದು ತಿಂಗಳು ತೂಗಿತು. ಸ್ಕೂಲಿಗೆ ಹೋಗಿ ವಿಚಾರಿಸಲು ಅವಳ ಬಿಂಕ ಬಿಡಲಿಲ್ಲ. ಮದುವೆಯಾಗಿರಬೇಕು, ಒಂದು ಮಾತು ಕರೆಯಲೂ ಇಲ್ಲವಲ್ಲ! ವಾರಕ್ಕೊಮ್ಮೆ ಅದರ ಧೂಳು ಕೊಡವಿ, "ಬರ್ಲಿಲ್ಲವಲ್ಲೋ ನಿನ್ನ ಯಜಮಾನ" ಎನ್ನುವಳು. ಪ್ಯಾಂಟಿನ ಜೊತೆ ಮಾತಾಡುವ ಗತಿ ಬಂತಲ್ಲ ಎಂದು ಆಮೇಲೆ ಅಳುವೇ ಬರುವುದು.

ಒಂದು ಬೆಳಿಗ್ಗೆ ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು. ಕೆನ್ನೆ ಇಳಿದು, ಕನ್ನಡಕವೇ ಮುಖಕ್ಕೆ ದೊಡ್ಡದಾಗಿತ್ತು. ಅಳತೆಗೆಂದು ಟೇಪು ಸುತ್ತಿದರೆ ಮೈಯೆಲ್ಲ ಮುದುಡಿದರು.

"ಗಾಯ ಮಾಗಿದೆ. ಮುದುಡೋ ಅಭ್ಯಾಸ ಇನ್ನೂ ಹೋಗಿಲ್ಲ" ಎಂದು ಶರ್ಟಿನ ಅಂಚು ಎತ್ತಿ ತೋರಿಸಿದರು. ಹೊಟ್ಟೆಯ ಅಡ್ಡಕ್ಕೆ ಐದು ಪುಟ್ಟ ಗೆರೆ, ಕೋಟಿನ ಗುಂಡಿ ತೂರಿಸುವ ಕಾಜದಷ್ಟೇ ಉದ್ದ. ಒಂದು ಮಾತ್ರ ಕೊಂಚ ದೊಡ್ಡದು.

"ಕ್ಯಾನ್ಸರ್. ಜಠರದಲ್ಲಿತ್ತು. ಆ ದೊಡ್ಡ ತೂತಿಂದ ಜಠರಾನೇ ಪೂರ್ತಿ ತೆಗೆದ್ರು. ಈಗ ಅನ್ನನಾಳ ಸೀದಾ ಕರುಳಿಗೇ ಜೋಡಿಸಿದಾರೆ."

ಟೇಪು ಅವಳ ಕೈಯಿಂದ ಜಾರಿತು. ಆ ಗೆರೆಗಳನ್ನೇ ನೋಡುತ್ತ, "ಇಷ್ಟು ಚಿಕ್ಕ ತೂತಲ್ಲಿ ಕೈ ಹೇಗ್ ಹೋಯ್ತು?" ಎಂದಳು.

"ಕೈ ಹೋಗಲ್ಲ, ರೋಬೋಟಿನ ತೋಳು ಹೋಗುತ್ತೆ. ಸಣ್ಣ ಸಲಾಕೆ ಥರ. ಡಾಕ್ಟರಮ್ಮ ಮೂಲೇಲಿ ಕೂತು, ಕ್ಯಾಮೆರಾ ತೋರಿಸಿದ್ದನ್ನ ನೋಡ್ಕೊಂಡು ಬೆರಳಲ್ಲಿ ಅದನ್ನ ಆಡಿಸ್ತಾರೆ. ಒಳಗಿನ ಹೊಲಿಗೇನೂ ಹಾಗೇ ಹಾಕಿದ್ದು. ಕಾಲಿಗೆ ಪೆಡಲ್ ಬೇರೆ ಇದೆ."

"ಪೆಡಲ್ಲಾ! ಹಾಗಾದ್ರೆ ನಮ್ಮ ಪೈಕಿಯೋರೇ" ಎಂದು ನಕ್ಕಳು. ನಗುತ್ತಲೇ ಕಣ್ಣು ತುಂಬಿ ಬಂತು. "ಜೊತೇಲಿ ಯಾರಿದ್ರು?"

"ಚಿಕ್ಕಮ್ಮನ ಮಗ ಬಂದು ಸೈನ್ ಹಾಕಿ ಹೋದ. ಆಮೇಲೆ ನರ್ಸುಗಳಿದ್ರು."

"ನಂಗ್ಯಾಕ್ರೀ ಹೇಳ್ಲಿಲ್ಲ?"

"ಗೊತ್ತಾದೋರೆಲ್ಲ ಅಯ್ಯೋ ಪಾಪ ಅಂದ್ರು. ನಿಮ್ಮ ಅಂಗಡೀಲಿ ಮಾತ್ರ ನಾನು ಮದುಮಗ. ಅದೊಂದನ್ನ ಕಳ್ಕೊಳ್ಳೋಕೆ ಮನಸ್ಸಾಗ್ಲಿಲ್ಲ."

"ಇಲ್ಲದ ಹುಡುಗಿ ಮೇಲೆ ಇಷ್ಟು ತಿಂಗಳು ಹೊಟ್ಟೆಕಿಚ್ಚು ಪಟ್ಟೆನಲ್ಲ ನಾನು!"

ಬಾಯಿಂದ ಬಿದ್ದ ಮಾತು, ಹೆಕ್ಕುವಂತಿಲ್ಲ. ಅವಳ ಕಿವಿ ಕೆಂಪಾಯಿತು. ಮೇಷ್ಟ್ರು ಅವಳನ್ನೇ ನೋಡಿದರು. "ನಂಗೆ ಕಿಚ್ಚಿಡೋಕೆ ಜಾಗಾನೇ ಇಲ್ಲ ಈಗ" ಎಂದು ನಗಿಸಲು ನೋಡಿ, ಸೋತು, ಪ್ಯಾಂಟಿಗೆ ಕೈ ಚಾಚಿದರು. "ನೋಡಿ, ನನ್ನ ನೆಚ್ಕೋಬೇಡಿ. ಮತ್ತೆ ಮತ್ತೆ ಸ್ಕ್ಯಾನ್ ಇರುತ್ತೆ, ಗ್ಯಾರಂಟಿ ಯಾರೂ ಕೊಡಲ್ಲ. ಎರಡು ಗಂಟೆಗೊಂದ್ಸಲ ಹಿಡಿಯಷ್ಟು ತಿನ್ಬೇಕು. ನಾಲ್ಕು ಜನರ ಜೊತೆ ಊಟಕ್ಕೆ ಕೂರೋಕೂ ನಾಚಿಕೆ ನಂಗೆ."

ಟೈಲರಕ್ಕ ಅದನ್ನು ಹ್ಯಾಂಗರಿನಿಂದ ತಾನೇ ಇಳಿಸಿಕೊಂಡಳು. ಪ್ಯಾಂಟಿನ ಸೊಂಟ ತಿರುವಿ ತೋರಿಸಿದಳು. ಒಳಗೆ ಒತ್ತದ ಹಾಗೆ ಹಾಸಿ ಹೊಲಿದ ಬಟ್ಟೆ. ಒಂದೆಳೆಯೂ ಕತ್ತರಿ ಕಂಡಿರಲಿಲ್ಲ.

"ಬೇಕಾಗಲ್ಲ ಅಂದ್ರಿ ನೀವು. ಬೇಕಾಗುತ್ತೆ ಅಂತ ನಾನು ಇಟ್ಟೆ."

ಮೇಷ್ಟ್ರು ಆ ಮಡಿಕೆಯನ್ನು ಬೆರಳಲ್ಲಿ ಸವರುತ್ತ ನಿಂತರು. ಅಷ್ಟರಲ್ಲಿ ಅವರ ಫೋನು ಊಟದ ಹೊತ್ತಾಯಿತೆಂದು ಕೂಗಿತು. ಅವಳು ಕತ್ತರಿಸುವ ಮೇಜಿನ ಮೇಲಿದ್ದುದನ್ನೆಲ್ಲ ಪಕ್ಕಕ್ಕೆ ತಳ್ಳಿ, "ಕೂತ್ಕೊಳ್ಳಿ" ಎಂದಳು. ಅವರು ಚೀಲದಿಂದ ಡಬ್ಬಿ ತೆಗೆದರೆ ಇವಳು ತನ್ನದನ್ನೂ ತೆರೆದಳು. ಅವರು ಒಂದು ಚಮಚ ತಿಂದರೆ ಇವಳೂ ಒಂದೇ ಚಮಚ. ಡಬ್ಬಿ ಖಾಲಿಯಾಗಲು ಮುಕ್ಕಾಲು ಗಂಟೆ ಹಿಡಿಯಿತು. ಇಬ್ಬರಿಗೂ ಎಲ್ಲಿಗೂ ಹೋಗುವುದಿರಲಿಲ್ಲ.

ಹೊರಡುವಾಗ ಮೇಷ್ಟ್ರು ಮೆಟ್ಟಿಲ ಬಳಿ ತಿರುಗಿದರು. "ಆ ಮಡಿಕೆ ಬಿಚ್ಚೋ ದಿನ ಬಂದ್ರೆ, ನಿಮಗೊಂದು ಮಾತು ಹೇಳೋದಿದೆ."

ಆ ದಿನ ಬರಲು ಹನ್ನೊಂದು ತಿಂಗಳಾಯಿತು. ನಡುವೆ ಎರಡು ಸ್ಕ್ಯಾನು, ಎರಡು ಸಲ ಆಸ್ಪತ್ರೆಯ ಬೆಂಚಿನ ಮೇಲೆ ಉಗುರು ಕಚ್ಚುತ್ತ ಕೂತವಳು ಅವಳೇ. ಆಮೇಲೊಂದು ಬೆಳಿಗ್ಗೆ ಮೇಷ್ಟ್ರು ಅದೇ ಪ್ಯಾಂಟು ಹಿಡಿದು ಬಂದರು.

"ನೋಡಿ, ಬಿಗಿಯಾಗ್ತಿದೆ. ಅರ್ಧ ಇಂಚು ಲೂಸ್ ಮಾಡ್ಬೇಕು."

ಹೊಲಿಗೆ ಬಿಚ್ಚಲು ಕೂತರೆ ದಾರವೇ ಕಾಣಿಸದು, ಕಣ್ಣು ಅಷ್ಟು ಮಂಜಾಗಿತ್ತು. "ಏನೋ ಹೇಳ್ತೀನಿ ಅಂದಿದ್ರಿ" ಎಂದಳು, ತಲೆಯೆತ್ತದೆ.

"ಊರೆಲ್ಲ ನಿಮ್ಮನ್ನ ಅಕ್ಕ ಅನ್ನುತ್ತೆ. ನಂಗೆ ಮಾತ್ರ ಯಾವತ್ತೂ ಬಾಯಿ ಬರ್ಲಿಲ್ಲ. ಯಾಕೆ ಅಂತ ಗೊತ್ತಾ?"

"ಗೊತ್ತು" ಎಂದಳು. "ಆದ್ರೂ ಹೇಳಿ. ಇನ್ನೂ ಮೂರು ಇಂಚು ಇದೆ ಒಳಗೆ, ನಿಧಾನಕ್ಕೇ ಹೇಳಿ."