ಮೇಣ ಹಚ್ಚಿದ ಕೊಂಡಿ

1999ರ ಜನವರಿ 31, ಭಾನುವಾರ. ಬೆಳಿಗ್ಗೆ 11.20ಕ್ಕೆ ರಂಗಮ್ಮ ಮೂಡಿಗೆರೆ ಠಾಣೆಗೆ ಬಂದು ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಬಾಟಲಿ ಇಟ್ಟಳು. ತಳದಲ್ಲಿ ಎರಡು ಗುಟುಕಿನಷ್ಟು ಕಂದು ನೀರಿತ್ತು.

"ಇದರಲ್ಲಿ ಎಂತದೋ ಹಾಕಿದಾರೆ ಸ್ವಾಮಿ. ಕುಡಿದು ಸೈಕಲ್ ರೇಸಲ್ಲಿ ಬಿದ್ದ ನನ್ನ ಮಗ. ವಾಂತಿ ಬೇರೆ. ಕಾಲು ಹೋಯ್ತು ಅಂತಿದಾರೆ."

ಸಬ್ ಇನ್‌ಸ್ಪೆಕ್ಟರ್ ಚನ್ನಬಸವ ಬೆಳಗಿನ ಐದರಿಂದ ಅದೇ ಸೈಕಲ್ ರೇಸಿನ ಬಂದೋಬಸ್ತಿನಲ್ಲಿದ್ದವರು. ಅದಕ್ಕೂ ಮುಂಚಿನ ಎರಡು ರಾತ್ರಿ ಕಣದಲ್ಲಿ ಒಣಗಿಸಿದ್ದ ಕಾಫಿ ಕದ್ದವರ ಹಿಂದೆ ಅಲೆದಿದ್ದರು. ಕುರ್ಚಿಯಲ್ಲಿ ಕೂತರೆ ನಿದ್ದೆ ಬರುತ್ತದೆಂದು ನಿಂತೇ ಕೇಳಿದರು.

"ಯಾರ ಮೇಲೆ ಅನುಮಾನ?"

"ಅವನು ಈಗ ಸೇರಿರೋ ಸೈಕಲ್ ಕ್ಲಬ್ಬಿನವ್ರ ಮೇಲೆ. ಚಿಕ್ಕಮಗಳೂರಿನೋರು. ಒಂದು ಡಬ್ಬಿ ಪುಡಿ ಕೊಟ್ಟಿದಾರೆ, ಅದನ್ನೇ ಕಲಸಿ ಕುಡೀಬೇಕಂತೆ. ಮುಂಚೆ ಮೊಟ್ಟೆ ತಿಂದು ಕಲ್ಲಿನ ಹಾಗಿದ್ದ."

"ಮೊಟ್ಟೆ ಯಾರು ಕೊಡ್ತಿದ್ರು, ನೀವಾ?"

"ನಮಗೆಲ್ಲಿಂದ ಬರುತ್ತೆ? ಸೈಕಲ್ ಶಾಪಿನ ಷಡಕ್ಷರಿಯವ್ರು. ಆರು ವರ್ಷ, ದಿನಾ ಎರಡು."

ದೂರು ಬರೆದುಕೊಂಡು ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿದರು. ಅಪರಾಧ ಸಂಖ್ಯೆ 14/99, ವಿಷ ಉಣಿಸಿದ್ದಕ್ಕೆ ಕಲಂ 328. ಎಫ್‌ಐಆರ್ ನ್ಯಾಯಾಲಯಕ್ಕೆ ಹೋಯಿತು. ಬಾಟಲಿಗೆ ಬಟ್ಟೆ ಹೊಲಿದು ಅರಗು ಹಾಕಿ ಪ್ರಯೋಗಾಲಯಕ್ಕೆ ಕಳಿಸಲು ಇಟ್ಟರು. ವರದಿ ಬರಲು ನಾಲ್ಕು ತಿಂಗಳಾದರೂ ಬೇಕೆಂದು ಎಲ್ಲರಿಗೂ ಗೊತ್ತಿತ್ತು.

ರಂಗಮ್ಮನ ಮಗ ಶಶಿಧರನಿಗೆ ಇಪ್ಪತ್ತೊಂದು ವರ್ಷ. ಮೂಡಿಗೆರೆಯಿಂದ ಕಳಸಕ್ಕೆ ವರ್ಷಕ್ಕೊಮ್ಮೆ ನಡೆಯುವ ರೇಸನ್ನು ಎರಡು ಸಲ ಗೆದ್ದಿದ್ದ. ಮೂರನೆಯದನ್ನು ಗೆದ್ದರೆ ಫೆಬ್ರವರಿ 20ರಂದು ಬೆಂಗಳೂರಿನಲ್ಲಿ ಕ್ರೀಡಾ ಕೋಟಾದ ನೌಕರಿಗೆ ಆಯ್ಕೆಯಿತ್ತು. ಕೊಟ್ಟಿಗೆಹಾರ ರಸ್ತೆಯ ಎಂಟನೇ ಕಿಲೋಮೀಟರಿನ ಏರಿನಲ್ಲಿ, ಎಲ್ಲರಿಗಿಂತ ಮುಂದಿದ್ದಾಗ ಬಿದ್ದ. ಬಲ ಮಂಡಿ ಮೋರಿ ಕಟ್ಟೆಗೆ ಬಡಿದಿತ್ತು.

ಮಧ್ಯಾಹ್ನ 1.15. ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ತೋರಿಸಿದರು. ಮಂಡಿ ಚಿಪ್ಪು ಮೂರು ಚೂರು.

"ಸರಿ ಹೋಗುತ್ತಾ?"

"ನಡೀತಾನೆ. ಪೂರ್ತಿ ಮಡಚೋಕೆ ಆಗಲ್ಲ."

"ವಿಷ?"

"ವಾಂತಿ ಆಗಿದ್ದು ಬಿದ್ದ ಮೇಲೆ. ತಲೆಗೂ ಪೆಟ್ಟಾಗಿದೆ, ಅದಕ್ಕೆ. ಆ ಪುಡಿ ನಾನೂ ನೋಡಿದೆ. ಹಾಲಿನ ಪುಡಿ, ಸಕ್ಕರೆ, ಕೋಕೋ. ಅದರಿಂದ ಯಾರೂ ಸಾಯಲ್ಲ, ಯಾರೂ ಗೆಲ್ಲೋದೂ ಇಲ್ಲ."

ಶಶಿಧರ ಕಣ್ಣು ಬಿಟ್ಟುಕೊಂಡೇ ಮಲಗಿದ್ದ. ಚನ್ನಬಸವ ಹತ್ತಿರದ ಸ್ಟೂಲಿನ ಮೇಲೆ ಕೂತರು.

"ಬಿದ್ದಿದ್ದು ಹೇಗೆ?"

"ಎದ್ದು ನಿಂತು ತುಳೀತಿದ್ದೆ ಸಾರ್. ಪೆಡಲ್ ಒಮ್ಮೆಲೇ ಖಾಲಿ ಆಯ್ತು. ಮುಂದಕ್ಕೆ ಹೋಗಿ ಬಿದ್ದೆ."

"ಚೈನ್ ತುಂಡಾಯ್ತಾ?"

"ಹೊಸ ಚೈನು. ನಿನ್ನೆ ಮಧ್ಯಾಹ್ನ ಸೀಮೆಎಣ್ಣೆಯಲ್ಲಿ ತೊಳೆದು ನಾನೇ ಎಣ್ಣೆ ಬಿಟ್ಟಿದ್ದೆ. ಒಂದೊಂದೇ ಕೊಂಡಿ ನೋಡಿದ್ದೆ."

ಮಧ್ಯಾಹ್ನ 3.40ಕ್ಕೆ ಇಬ್ಬರು ಪಂಚರ ಎದುರು ಸ್ಥಳ ಪಂಚನಾಮೆ. ಹೆಡ್ ಕಾನ್‌ಸ್ಟೇಬಲ್ ಕೆಂಚಯ್ಯ ರಸ್ತೆ ಬದಿಯ ಹುಲ್ಲಿನಲ್ಲಿ ಮಂಡಿಯೂರಿ ಹುಡುಕಿ ಚೈನು ಎತ್ತಿದ. ಕೆಂಚಯ್ಯನಿಗೆ ಐವತ್ತು ದಾಟಿತ್ತು. ಬೀಟಿಗೆ ಈಗಲೂ ಸೈಕಲ್ಲಿನಲ್ಲೇ ಹೋಗುತ್ತಿದ್ದವನು. ತುಂಡಾದ ಕೊಂಡಿಯನ್ನು ಬೆಳಕಿಗೆ ಹಿಡಿದ. ಪಿನ್ನು ಒಂದು ಬದಿಗೆ ಸರಿದು ಹೊರಗೆ ಚಾಚಿಕೊಂಡಿತ್ತು. ಅದರ ತಲೆಯ ಮೇಲೆ ಹೊಸ ಒತ್ತಿನ ಗುರುತು.

"ಸವೆದು ತುಂಡಾಗಿದ್ದಲ್ಲ ಸಾರ್. ಪಿನ್ನು ಅರ್ಧ ತಳ್ಳಿ ಬಿಟ್ಟಿದಾರೆ."

ಆಮೇಲೆ ಅವನು ಕೊಂಡಿಯನ್ನು ಉಗುರಿನಿಂದ ಕೆರೆದು ಮೂಸಿದ. ಇನ್ನೊಮ್ಮೆ ಮೂಸಿದ. ತಿರುಗಿ ತನ್ನ ಸೈಕಲ್ಲಿನ ಕಡೆ ನೋಡಿದ.

"ಎಂತ ಮಾರಾಯ, ಹೇಳು."

"ಉಳಿದ ಚೈನಿಗೆಲ್ಲ ತೆಳು ಎಣ್ಣೆ. ಈ ಕೊಂಡಿಗೆ, ಅಕ್ಕಪಕ್ಕದ ಎರಡಕ್ಕೆ ಮಾತ್ರ ಮೇಣ." ಕೆಂಚಯ್ಯ ತನ್ನ ಸೈಕಲ್ಲನ್ನು ತೋರಿಸಿದ. "ನನ್ನ ಚೈನು ಮೂಸಿ ನೋಡಿ. ಇದೇ ವಾಸನೆ."

ಮಳೆಗಾಲದಲ್ಲಿ ಈ ಕಡೆ ಚೈನಿಗೆ ಹಾಕಿದ ಎಣ್ಣೆ ಎರಡು ದಿನ ನಿಲ್ಲುವುದಿಲ್ಲ. ಷಡಕ್ಷರಿ ಜೇನುಮೇಣಕ್ಕೆ ಗೇರ್ ಆಯಿಲ್ ಸೇರಿಸಿ ಕಾಯಿಸಿ, ಹೆಬ್ಬೆರಳಿನಿಂದ ಕೊಂಡಿ ಕೊಂಡಿಗೂ ಒತ್ತಿ ಹಚ್ಚುತ್ತಿದ್ದರು. ಇಪ್ಪತ್ತೈದು ವರ್ಷದಿಂದ ಹಾಗೆ. ಬೇರೆ ಅಂಗಡಿಯಲ್ಲಿ ಅದಿರಲಿಲ್ಲ.

ಫೆಬ್ರವರಿ 1, ಬೆಳಿಗ್ಗೆ 10.30. ರೇಸ್ ಸಮಿತಿಯ ಕಾರ್ಯದರ್ಶಿ ಕೃಷ್ಣಪ್ಪನನ್ನು ಠಾಣೆಗೆ ಕರೆಸಿದರು.

"ಸೈಕಲ್ಲುಗಳು ಎಲ್ಲಿದ್ವು?"

"ಹಿಂದಿನ ದಿನ ನಾಲ್ಕು ಗಂಟೆಗೆ ಎಲ್ಲಾ ತಂದು ಹೈಸ್ಕೂಲಿನ ರೂಮಲ್ಲಿ ಇಟ್ರು. ಬೀಗ ಹಾಕಿ ಕೀ ನಾನೇ ಇಟ್ಕೊಂಡಿದ್ದೆ."

"ಯಾರು ಒಳಗೆ ಹೋದ್ರು?"

"ಯಾರೂ ಇಲ್ಲ ಸಾರ್."

"ಸರಿಯಾಗಿ ನೆನಪು ಮಾಡ್ಕೊಳ್ಳಿ."

"ದೇವರಾಣೆ ಯಾರೂ ಇಲ್ಲ."

ಚನ್ನಬಸವ ಹೇಳಿಕೆಯ ಹಾಳೆ ತಿರುಗಿಸಿದರು. ನಂತರ ಕೇಳಿದರು: "ಟೈರುಗಳಿಗೆ ಗಾಳಿ?"

"ಅದು ಷಡಕ್ಷರಿಯವ್ರು ಹಾಕ್ತಾರೆ. ಅವತ್ತೇ ಸಂಜೆ ಐದು ಗಂಟೆಗೆ ಪಂಪ್ ತಗೊಂಡು ಬಂದ್ರು. ಬಾಗಿಲು ತೆಗೆದುಕೊಟ್ಟು ನಾನು ಕಾಫಿ ಕುಡಿಯೋಕೆ ಹೋದೆ."

"ಈಗ ತಾನೆ ಯಾರೂ ಇಲ್ಲ ಅಂದ್ರಿ."

"ಅವ್ರು ಯಾರೋ ಅಲ್ವಲ್ಲ ಸಾರ್. ರೇಸ್ ಶುರುವಾದಾಗಿಂದ ಗಾಳಿ ಹಾಕೋದು ಅವ್ರೇ."

ಕೃಷ್ಣಪ್ಪ ಸುಳ್ಳು ಹೇಳಿರಲಿಲ್ಲ. ಆ ಊರಿನ ಯಾರನ್ನು ಕೇಳಿದ್ದರೂ ಅದನ್ನೇ ಹೇಳುತ್ತಿದ್ದರು.

ಫೆಬ್ರವರಿ 2, ಮಂಗಳವಾರ, ಮಧ್ಯಾಹ್ನ 3.10. ಬಸ್‌ಸ್ಟ್ಯಾಂಡಿನ ಹಿಂದಿನ ಅಂಗಡಿ. ಷಡಕ್ಷರಿ ಒಂದು ರಿಮ್ಮನ್ನು ತಿರುಗಿಸಿ ಅದರ ಓಲಾಟ ನೋಡುತ್ತಿದ್ದರು. ಹಣೆಯಲ್ಲಿ ವಿಭೂತಿ, ಅಂಗಿಯ ತೋಳಿನಲ್ಲಿ ಕಪ್ಪು ಜಿಡ್ಡು. ಪೊಲೀಸರನ್ನು ಕಂಡು ರಿಮ್ಮನ್ನು ಕೈಯಿಂದ ತಡೆದು ನಿಲ್ಲಿಸಿದರು.

ಚನ್ನಬಸವ ಕೊಂಡಿಯನ್ನು ಪೊಟ್ಟಣದಿಂದ ತೆಗೆದು ಮೇಜಿನ ಮೇಲಿಟ್ಟರು.

"ಈ ಮೇಣ ಯಾರದು?"

ಷಡಕ್ಷರಿ ಅದನ್ನು ಮುಟ್ಟಲಿಲ್ಲ. "ನಂದೇ."

"ಪಿನ್ನು ತಳ್ಳಿದ್ದು?"

"ನಾನೇ."

ಕೆಂಚಯ್ಯನೇ ತಡೆಯಲಾರದೆ ಬಾಯಿ ಹಾಕಿದ. "ಪಿನ್ನು ತಳ್ಳಿದ ಮೇಲೆ ಮೇಣ ಯಾಕೆ ಹಚ್ಚಿದ್ರಿ ಸ್ವಾಮಿ? ಅದಿಲ್ಲದಿದ್ರೆ ನಮಗೆ ಎಂತ ಗೊತ್ತಾಗ್ತಿತ್ತು?"

"ಕೈ ಹಚ್ತು ಕಣಯ್ಯ. ಡಬ್ಬಿ ಯಾವಾಗ್ಲೂ ಜೊತೆಗೇ ಇರುತ್ತೆ, ಚೈನು ಮುಟ್ಟಿದ ಮೇಲೆ ಮೇಣ ಹಚ್ಚದೆ ಎದ್ದು ಅಭ್ಯಾಸ ಇಲ್ಲ. ಹಚ್ಚಿ ಆದ್ಮೇಲೇ ನೋಡಿದ್ದು ನಾನು. ಒರೆಸೋಣ ಅಂದ್ರೆ ಅಷ್ಟರಲ್ಲಿ ಕೃಷ್ಣಪ್ಪ ವಾಪಸ್ ಬಂದು ಬಾಗಿಲಲ್ಲಿದ್ದ."

ಷಡಕ್ಷರಿಯೇ ಮುಂದುವರಿಸಿದರು. "ಏರಿನಲ್ಲಿ ತುಂಡಾಗ್ಲಿ ಅಂತ ಮಾಡಿದ್ದು. ಏರಿನಲ್ಲಿ ಸೈಕಲ್ಲು ಮನುಷ್ಯ ನಡೆದಷ್ಟೇ ಹೋಗೋದು, ಚೈನು ಹೋದ್ರೆ ಕಾಲು ಊರಿ ನಿಲ್ತಾನೆ. ಕೂತೇ ತುಳೀಬೇಕು ಅಂತ ಆರು ವರ್ಷ ಹೇಳಿಕೊಟ್ಟಿದ್ದೆ. ಎದ್ದು ನಿಂತು ತುಳಿಯೋದು ಕ್ಲಬ್ಬಿನವ್ರು ಕಲ್ಸಿದ್ದು. ಅದು ನಂಗೆ ಗೊತ್ತಿರ್ಲಿಲ್ಲ."

"ನಿಂತ ಮೇಲೆ?"

"ನಿಂತ ಮೇಲೆ ಇಲ್ಲಿಗೆ ಬರ್ತಿದ್ದ. ಚೈನು ಹೋದ್ರೆ ಇನ್ನೆಲ್ಲಿಗೆ ಹೋಗ್ತಾನೆ?"

ಜಪ್ತಿ ಪಂಚನಾಮೆ 3.35ಕ್ಕೆ ಶುರುವಾಯಿತು. ಚೈನಿನ ಪಿನ್ನು ತಳ್ಳುವ ಸ್ಕ್ರೂ ಒಂದು. ಮೇಣದ ಡಬ್ಬಿ ಒಂದು. ಗಲ್ಲಾದ ಅಡಿಯಲ್ಲಿ ನಾಲ್ಕು ಮಡಿಕೆ ಮಾಡಿದ ಪತ್ರಿಕೆ, ಜನವರಿ 24ರದು. ಅದರಲ್ಲಿ ಕ್ಲಬ್ಬಿನ ಬನಿಯನ್ ತೊಟ್ಟ ಶಶಿಧರನ ಫೋಟೋ. ಕೆಳಗಿನ ಎರಡು ಸಾಲು ಜಿಡ್ಡಿನ ಬೆರಳು ಓಡಾಡಿ ಮಸುಕಾಗಿದ್ದವು: "ಮೊದಲು ನನಗೆ ಸರಿಯಾದ ಆಹಾರವಾಗಲಿ, ಹೇಳಿಕೊಡುವವರಾಗಲಿ ಇರಲಿಲ್ಲ. ಕ್ಲಬ್ ಸೇರಿದ ಮೇಲೆ ಎಲ್ಲ ಕಲಿತೆ."

ಅಂಗಡಿಯ ಹಿಂದಿನ ತಗಡಿನ ಮರೆಯಲ್ಲಿ ಕೆಂಚಯ್ಯನಿಗೆ ಸೀಮೆಎಣ್ಣೆ ಸ್ಟವ್ವೂ ಒಂದು ಸಣ್ಣ ಅಲ್ಯೂಮಿನಿಯಂ ಪಾತ್ರೆಯೂ ಸಿಕ್ಕಿದವು. ಪಾತ್ರೆಯ ಒಳಗೆ ಬಿಳಿ ಗೆರೆ ಕಟ್ಟಿತ್ತು. ಅದನ್ನು ಕಂಡ ಷಡಕ್ಷರಿ ಮೊದಲ ಬಾರಿ ಗಾಬರಿಯಾದರು.

"ಸ್ಕ್ರೂ ಬರ್ಕೊಳ್ಳಿ, ಪೇಪರ್ ಬರ್ಕೊಳ್ಳಿ. ಅದೊಂದು ಬೇಡ ಸಾರ್. ಮೊಟ್ಟೆ ಬೇಯಿಸ್ತಿದ್ದ ಪಾತ್ರೆ. ಮನೇವ್ರಿಗೆ ಗೊತ್ತಿಲ್ಲ. ನಮ್ಮನೇಲಿ ಮೊಟ್ಟೇನ ಹೊಸ್ತಿಲು ದಾಟ್ಸಲ್ಲ."

ಚನ್ನಬಸವರ ಮನೆಯಲ್ಲೂ ದಾಟಿಸುತ್ತಿರಲಿಲ್ಲ. ಪಂಚನಾಮೆಯಲ್ಲಿ ಪಾತ್ರೆ ಬರಲಿಲ್ಲ. ಅದಕ್ಕೂ ಕೇಸಿಗೂ ಸಂಬಂಧವಿಲ್ಲ ಎಂದು ಕೆಂಚಯ್ಯನಿಗೆ ಹೇಳಿದರು. ಸಂಬಂಧ ಇತ್ತು.

ಸಂಜೆ 4.30ಕ್ಕೆ ದಸ್ತಗಿರಿ. ಕಲಂ 328 ತೆಗೆದು, ತೀವ್ರ ಗಾಯದ 338, ಸ್ವತ್ತು ಹಾಳುಮಾಡಿದ 427 ಹಾಕಲು ನ್ಯಾಯಾಲಯಕ್ಕೆ ಕೋರಿಕೆ ಬರೆದರು. ಜಾಮೀನು ಸಿಗುವ ಕಲಮುಗಳು. ಷಡಕ್ಷರಿ ಜಾಮೀನಿಗೆ ಯಾರ ಹೆಸರನ್ನೂ ಹೇಳಲಿಲ್ಲ. ಬೆಂಚಿನ ಮೇಲೆ ಕೂತು ಕೇಳಿದ್ದು ಒಂದೇ ಮಾತು.

"ಆಸ್ಪತ್ರೇಲಿ ಅವನಿಗೆ ತಿನ್ನೋಕೆ ಎಂತ ಕೊಡ್ತಿದಾರೆ?"

"ಬ್ರೆಡ್ಡು, ಹಾಲು," ಎಂದ ಕೆಂಚಯ್ಯ.

"ಬ್ರೆಡ್ಡಲ್ಲಿ ಮೂಳೆ ಕೂಡುತ್ತೇನಯ್ಯ?"

5.50ಕ್ಕೆ ಅವರ ಹೆಂಡತಿ ಗಿರಿಜಾಂಬಾ ಬುತ್ತಿ ತಂದರು. ಬುತ್ತಿಯನ್ನು ಮೇಜಿನ ಮೇಲಿಟ್ಟ ಮೇಲೂ ಹೋಗಲಿಲ್ಲ. ಇನ್ನೊಂದು ಕೈಯಲ್ಲಿ ಒಂದು ಚೀಲವಿತ್ತು. ಅದನ್ನು ಸೀರೆಗೆ ತಾಗದಂತೆ ದೂರ ಹಿಡಿದಿದ್ದರು.

"ಆಸ್ಪತ್ರೆ ಕಡೆ ಯಾರಾದ್ರೂ ಹೋಗೋರಿದ್ರೆ ಇದನ್ನ ಆ ಹುಡುಗನಿಗೆ ಕೊಡಿ."

"ಎಂತ ಇದು ಅಮ್ಮ?"

"ದಿನಸಿ ಅಂಗಡಿಯವನೇ ಕಟ್ಟಿಕೊಟ್ಟ. ನಾನು ಮುಟ್ಟಿಲ್ಲ. ಹನ್ನೆರಡಿವೆಯಂತೆ."

ಚನ್ನಬಸವ ಚೀಲವನ್ನೂ ಅವರನ್ನೂ ನೋಡಿದರು. "ನಿಮಗೆ ಗೊತ್ತಿತ್ತಾ?"

"ಆರು ವರ್ಷ ಅವ್ರ ಅಂಗಿ ಒಗೆದಿದೀನಿ," ಎಂದರು ಗಿರಿಜಾಂಬಾ. "ಗೊತ್ತು ಅಂತ ಅವ್ರಿಗೆ ಹೇಳ್ಬೇಡಿ."

ಕೆಂಚಯ್ಯ ಚೀಲವನ್ನು ಹ್ಯಾಂಡಲಿಗೆ ಸಿಕ್ಕಿಸಿಕೊಂಡು ಹೋದ. 7.15ಕ್ಕೆ ಹಿಂತಿರುಗಿದಾಗ ಚನ್ನಬಸವ ಠಾಣೆಯ ಡೈರಿ ಬರೆಯುತ್ತಿದ್ದರು.

"ಕೊಟ್ಯಾ?"

"ಎದುರಿನ ಹೋಟೆಲಲ್ಲಿ ಬೇಯಿಸಿ ಕೊಟ್ಟೆ ಸಾರ್. ಯಾರು ಕೊಟ್ಟಿದ್ದು ಅಂದ."

"ಹೇಳಿದ್ಯಾ?"

"ಷಡಕ್ಷರಿಯವ್ರ ಮನೆಯಿಂದ ಅಂತ ಹೇಳ್ದೆ. ಚೈನಿಂದೂ ಹೇಳ್ದೆ, ನಾಳೆ ಹೆಂಗಿದ್ರೂ ಊರಿಗೆಲ್ಲ ಗೊತ್ತಾಗೋದೇ. ಪೇಪರಲ್ಲಿ ಹಾಗಂದಿದ್ದು ನೀನೇನಾ ಅಂತ ಕೇಳ್ದೆ. ಹೌದು ಅಂದ. ಹಾಗೆ ಹೇಳೋವಾಗ ಕ್ಲಬ್ಬಿನವ್ರು ಪಕ್ಕದಲ್ಲೇ ನಿಂತಿದ್ರಂತೆ."

"ಆಮೇಲೆ?"

"ಅವ್ರಮ್ಮ ಚೀಲ ಎತ್ತಿ ಹೊರಗೆ ಬಿಸಾಡೋಕೆ ಹೋದ್ರು. ಇವನೇ ಬೇಡ ಅಂದ. ಗೋಡೆ ಕಡೆ ತಿರುಗಿ ಸುಮಾರು ಹೊತ್ತು ಮಲಗಿದ್ದ."

ಕೆಂಚಯ್ಯ ಟೋಪಿ ತೆಗೆದು ಮೊಳೆಗೆ ತೂಗುಹಾಕಿದ.

"ಎರಡು ತಿಂದ ಸಾರ್. ಉಳಿದಿದ್ದನ್ನ ದಿನಕ್ಕೆ ಎರಡರ ಹಾಗೆ ಎತ್ತಿಡು ಅಂದ ಅವ್ರಮ್ಮನಿಗೆ."

ಚನ್ನಬಸವ ಡೈರಿಯಲ್ಲಿ ಸಮಯ ಬರೆದರು. ಮುಂದೆ ಬರೆಯುವಂಥದ್ದೇನೂ ಇರಲಿಲ್ಲ. ಒಳಗೆ ಬೆಂಚಿನ ಮೇಲೆ ಷಡಕ್ಷರಿ ಬುತ್ತಿ ಬಿಚ್ಚದೆ ಕೂತಿದ್ದರು.