ಯಾರು ಹೂಂ ಅಂದವರು

"ಟ್ಯಾಂಕಿಗಿಳಿಯೋ ಒಂದು ಪರ್ಮಿಟ್‌ಗೆ ಎರಡು ತಾಸಾ? ಮದುವಿ ಮುಹೂರ್ತ ನೋಡಾಕತ್ತೀಯೇನೋ ಗೋಪಿ?"

ಪಟಾನ್‌ಚೆರುವಿನ ರಾಸಾಯನಿಕ ಕಾರ್ಖಾನೆಯಲ್ಲಿ ಮ್ಯಾನೇಜರ್ ಆನಂದಕುಮಾರ ಹೀಗೆಂದಾಗ ಇಡೀ ಪಾಳಿ ನಕ್ಕಿತು. ಸೂಪರ್‌ವೈಸರ್ ಗೋಪಿನಾಥ ನೆಲ ನೋಡಿದ. ಅದು ಮಾರ್ಚ್ ಮೂರು.

ಮಾರ್ಚ್ ಹನ್ನೊಂದು, ಬೆಳಿಗ್ಗೆ 9.20. ಉಮಾಬಾಯಿ ಠಾಣೆಗೆ ದೂರು ತಂದಳು. ಟ್ಯಾಂಕ್ ತೊಳೆಯಲು ಇಳಿದಿದ್ದ ಅವಳ ಗಂಡ ಭರತ ಹಿಂದಿನ ದಿನ ವಿಷಗಾಳಿಗೆ ಸತ್ತಿದ್ದ.

"ಗಾಳಿ ಪರೀಕ್ಷಾ ಮಾಡದs ಇಳಿಸ್ಯಾರ್ರಿ ಸಾಹೇಬ್ರ. ಹೂಂ ಅಂದವ್ರು ಯಾರು? ಅಷ್ಟು ಹೇಳ್ರಿ ನನಗ."

ಇನ್‌ಸ್ಪೆಕ್ಟರ್ ಅಮರೇಶಪ್ಪ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ಗದಿಗೆಮ್ಮಳೊಂದಿಗೆ 11 ಗಂಟೆಗೆ ಪಂಚನಾಮೆಗೆ ಕಾರ್ಖಾನೆಗೆ ಹೋದರು.

ಮೊದಲು ಸುರಕ್ಷಾ ಅಧಿಕಾರಿ ರಾಮದಾಸ ಗಾಳಿ ಪರೀಕ್ಷಿಸಿ ಕಾಗದಕ್ಕೆ ಸಹಿ ಹಾಕುತ್ತಿದ್ದ. ಈಗ ಸಾಫ್ಟ್‌ವೇರ್ ಅವನ ಫೋನಿಗೆ ಕೋರಿಕೆ ಕಳಿಸುತ್ತದೆ. ಅವನು ಒಪ್ಪಿದರೆ ಟ್ಯಾಂಕಿನ ಬೀಗ ತಾನೇ ತೆರೆಯುತ್ತದೆ. ಭರತನ ಪರ್ಮಿಟ್‌ನಲ್ಲಿ ರಾಮದಾಸನ ಹೆಸರಿರಲಿಲ್ಲ. 'ಒಪ್ಪಿಗೆ: ಸಿಸ್ಟಮ್' ಎಂದಿತ್ತು. ಹತ್ತು ನಿಮಿಷ ಉತ್ತರ ಬಾರದಿದ್ದರೆ ಒಪ್ಪಿಗೆ ಎಂದು ಯಾರೋ ನಿಯಮ ಹಾಕಿದ್ದರು.

"ನಾ ಒಪ್ಪಿಲ್ರಿ. ಬ್ಯಾರೆ ಟ್ಯಾಂಕ್ ಹತ್ರ ಇದ್ದೆ," ಎಂದ ರಾಮದಾಸ. ಅವನ ಫೋನನ್ನು ಜಪ್ತಿ ಮಾಡಿ, ಮೊಹರು ಹಾಕಿ, ಜೀಪಿನಲ್ಲಿಟ್ಟರು.

"ನಿಯಮ ಬದಲಿಸಿದವರು ಯಾರು?" ಅಮರೇಶಪ್ಪ ಕೇಳಿದರು.

"ಗೊತ್ತಿಲ್ರಿ. ಸಾಫ್ಟ್‌ವೇರ್ ಕಂಪನಿಯವ್ರ ಇರಬೇಕು," ಎಂದ ಗೋಪಿನಾಥ.

ಎಫ್‌ಐಆರ್‌ನ ಆರೋಪಿ ಕಾಲಂನಲ್ಲಿ ಸಿಸ್ಟಮ್ ಎಂದು ಬರೆಯಲು ಬರುವುದಿಲ್ಲ.

11.48. ಗದಿಗೆಮ್ಮ ಕಚೇರಿಯ ಕಂಪ್ಯೂಟರ್ ಪರದೆ ತೋರಿಸಿದಳು. "ಸಾಹೇಬ್ರ, ಇದೇನ್ರಿ ಇದು, ಟೈಮ್ ಓಡಾಕತ್ತೈತಿ?"

ಏಳನೇ ಟ್ಯಾಂಕ್. ಇಳಿಯುವವನು ವೈಭವ. ಒಬ್ಬ ಸತ್ತ ಮರುದಿನವೂ ಕೆಲಸ ನಿಲ್ಲಿಸಿರಲಿಲ್ಲ! ರಾಮದಾಸನ ಉತ್ತರಕ್ಕೆ ಉಳಿದದ್ದು ಒಂದು ನಿಮಿಷ. ಅವನ ಫೋನು ಜೀಪಿನಲ್ಲಿ. ಜೀಪು ಗೇಟಿನ ಹೊರಗೆ. ಟ್ಯಾಂಕು ಕಾರ್ಖಾನೆಯ ಆ ತುದಿಯಲ್ಲಿ.

ಗದಿಗೆಮ್ಮ ಟ್ಯಾಂಕಿನತ್ತ ಓಡಿದಳು.

"ನಿಲ್ಲಸ್ರಿ ಇದನ್ನ!" ಅಮರೇಶಪ್ಪ ಕೂಗಿದರು. ಕಂಪ್ಯೂಟರಿನ ಮುಂದಿದ್ದ ಆನಂದಕುಮಾರ ಒಂದೆರಡು ಗುಂಡಿ ಒತ್ತಿ ನೋಡಿದ. "ನನಗ ಬರಂಗಿಲ್ರಿ..."

ನಲವತ್ತು ಸೆಕೆಂಡು. ಇಪ್ಪತ್ತು. ಹನ್ನೊಂದು.

ಮ್ಯಾನೇಜರನನ್ನು ತಳ್ಳಿ ಗೋಪಿನಾಥ ತನ್ನ ಪಾಸ್‌ವರ್ಡ್ ಒತ್ತಿದ. 'ರದ್ದು' ಎಂದು ಬಂತು.



"ಗೊತ್ತಿಲ್ಲ ಅಂದಿದ್ದೆಯಲ್ಲ?" ಅಮರೇಶಪ್ಪನವರ ದನಿ ಮೆತ್ತಗಿತ್ತು.

ದಾಖಲೆ ತೆಗೆಸಿದಾಗ ತಿಳಿಯಿತು: ಅದೇ ಪಾಸ್‌ವರ್ಡ್‌ನಿಂದ ನಿಯಮ ಬದಲಾದದ್ದು ಮಾರ್ಚ್ ಮೂರರಂದು, ಪಾಳಿ ನಕ್ಕ ಅರ್ಧ ಗಂಟೆಗೆ.

"ಮತ್ತೊಮ್ಮೆ ಎಲ್ಲಾರ ಮುಂದ ಅನ್ನಿಸ್ಕೊಳ್ಳಾಕ ಆಗ್ತಿರ್ಲಿಲ್ರಿ," ಎಂದು ಗೋಪಿನಾಥ ಹೇಳಿಕೆ ಕೊಟ್ಟ. ಬಂಧನ 12.30ಕ್ಕೆ.

ಗೇಟಿನಲ್ಲಿ ಉಮಾಬಾಯಿ ನಿಂತಿದ್ದಳು.

"ಅಣ್ಣಾ, ಹೂಂ ಅಂದಾಂವ ನೀನs ಏನು?"

ಅವಳು ಕಾದಳು. ಹತ್ತು ನಿಮಿಷವಲ್ಲ, ಎಷ್ಟು ಹೊತ್ತಾದರೂ ಕಾಯುವವಳಂತೆ. ಗೋಪಿನಾಥ ಉತ್ತರಿಸದೆ ಜೀಪಿನತ್ತ ನಡೆದ.