ಧ್ವನಿಶಿಲ್ಪಿಯ ಪಾಲು

ಹಸ್ತಶೋಧಕದ ಮುಳ್ಳು ಒಮ್ಮೆ ನಡುಗಿ ಎರಡರ ಮೇಲೆ ನಿಂತಿತು. ಮೈಸೂರಿನ ಸಂಗೀತ ಪರಿಷತ್ತಿನ ಸಭಾಂಗಣದಲ್ಲಿ ಪಶುಪತಿಗಳು ನಗುವನ್ನು ಉತ್ತರೀಯದ ಮರೆಯಲ್ಲಿ ಅಡಗಿಸಿಕೊಂಡರು.

ಗಾಯನವು ಮೈಕಿಗೆ ಬಿದ್ದಾಗ ಹೇಗಿತ್ತು, ಮಿಕ್ಸಿಂಗ್ ಮುಗಿದ ಬಳಿಕ ಹೇಗಾಯಿತು ಎಂಬುದನ್ನು ಆ ಯಂತ್ರವು ತೂಗುತ್ತಿತ್ತು. ಅವೆರಡರ ಅಂತರವೇ ಧ್ವನಿಶಿಲ್ಪಿಯ ಪಾಲು. ಅದನ್ನು ನೂರಕ್ಕೆ ಇಷ್ಟೆಂದು ಮುಳ್ಳು ತೋರಿಸುತ್ತಿತ್ತು. ಯಂತ್ರವನ್ನು ನಿರ್ಮಿಸಿದವರು ಡಾ. ತಾರಿಣಿ; ತರಿಸಬೇಕೆಂದು ಹಟ ಹಿಡಿದವರು ಪಶುಪತಿಗಳು. ನಲವತ್ತು ವರ್ಷ ಧ್ವನಿಮುದ್ರಣ ಮಾಡಿದ ಅವರನ್ನು ಬಿಟ್ಟು, ಮೂರು ವರ್ಷಗಳಿಂದ ಪರಿಷತ್ತಿನ ಪದಕವು ಧಾರವಾಡದಿಂದ ಬಂದು ನೆಲೆಸಿದ ಮಕ್ತುಂ ಹುಸೇನರ ಪಾಲಾಗುತ್ತಿತ್ತು. ಈಗ ಎರಡು ಅಂಕ ಬಂದದ್ದು ಆ ಮಕ್ತುಮರ ಧ್ವನಿಮುದ್ರಿಕೆಗೇ. ಪರರ ಗುಣದಲ್ಲಿ ದೋಷವನ್ನು ಆರೋಪಿಸುವುದೇ ಅಸೂಯೆಯೆಂದು ಪ್ರಾಚೀನರು ಲಕ್ಷಣ ಹೇಳಿದ್ದಾರೆ. ಪಶುಪತಿಗಳು ಆ ಲಕ್ಷಣವನ್ನು ಬಲ್ಲವರೇ. ಆದರೆ ಅದು ತಮಗೂ ಅನ್ವಯಿಸೀತೆಂದು ಅವರಿಗೆ ತೋರಿರಲಿಲ್ಲ.

"ಆ ಧಾರವಾಡದವನು ಏನೂ ಮಾಡೋದೇ ಇಲ್ಲ ಅಂತ ಸಿದ್ಧವಾಯ್ತಲ್ಲಮ್ಮ?" ಎಂದರು.

"ಹಾಗೆ ಹೇಳಕ್ಕಾಗಲ್ಲ ಸಾರ್," ಎಂದರು ತಾರಿಣಿ. "ತಂಬೂರಿಯೋರನ್ನ ಎಲ್ಲಿ ಕೂರಿಸಬೇಕು, ಹಾಡೋರ ಕೋಪ ಹೇಗೆ ಇಳಿಸಬೇಕು ಅನ್ನೋದ್ರಲ್ಲೇ ಅವರು ಅರ್ಧ ದಿನ ಕಳೀತಾರಂತೆ. ಮೈಕಿಗೆ ಮುಂಚೆ ನಡೆದದ್ದು ಈ ಯಂತ್ರಕ್ಕೆ ಗೊತ್ತಾಗಲ್ಲ."

"ಗೊತ್ತಾಗೋದೂ ಬೇಡ ಬಿಡಿ."

ಪಶುಪತಿಗಳ ಅಂಕ ಅರವತ್ತೊಂದು. ಇನ್ನು ಮುಂದೆ ಪ್ರತಿಯೊಂದು ಧ್ವನಿಮುದ್ರಿಕೆಯ ಹೊದಿಕೆಯ ಮೇಲೂ ಶಿಲ್ಪಿಯ ಅಂಕವನ್ನು ಅಚ್ಚು ಹಾಕಿಸತಕ್ಕದ್ದೆಂದು ಪರಿಷತ್ತು ನಿರ್ಣಯಿಸಿತು. ಅವರ ಹೆಸರಿಗೆ ಒದಗಿದ ಕುತ್ತು ನೀಗಿದಂತಾಯಿತು.

ತಿಂಗಳು ಕಳೆಯುವುದರೊಳಗೆ, ಅವರಲ್ಲೇ ಹಾಡಿ ಹೆಸರಾದ ಗಾಯಕ ರಘುವೀರ ಬಂದು ಬಾಗಿಲಲ್ಲೇ ನಿಂತ.

"ಒಳಗೆ ಬಾರಯ್ಯ."

"ಇಲ್ಲ ಸಾರ್. ಕವರ್ ಮೇಲೆ ಅರವತ್ತೊಂದು ನಿಮ್ಮದು ಅಂತ ಬಂತು. ಹಾಗಾದ್ರೆ ನಿನ್ನದು ಮೂವತ್ತೊಂಬತ್ತೇ ಏನಪ್ಪಾ, ಬರೀ ಜಸ್ಟ್ ಪಾಸಾದ್ಯಲ್ಲ ಅಂತ ನಮ್ಮ ಮಾವನವರು ಊಟಕ್ಕೆ ಕೂತಾಗ ಎಲ್ಲರೆದುರಿಗೆ ಕೇಳಿದ್ರು."

"ಅದಕ್ಕೇ?"

"ಮುಂದಿನದ್ದು ಮಕ್ತುಂ ಅವರ ಹತ್ರ ಸಾರ್. ಅಲ್ಲಿ ತೊಂಬತ್ತೆಂಟು ನಮಗೇ ಬರುತ್ತೆ."

ಗಾಯಕರಿಗೂ ಮಾತ್ಸರ್ಯವುಂಟೆಂಬುದನ್ನು ವಿಜ್ಞಾನಿಯೂ ಎಣಿಸಿರಲಿಲ್ಲ, ಪರಿಷತ್ತೂ ಎಣಿಸಿರಲಿಲ್ಲ. ಯುಗಾದಿಯ ಹೊತ್ತಿಗೆ ಪಶುಪತಿಗಳ ಧ್ವನಿಮುದ್ರಣಶಾಲೆ ಬರಿದಾಯಿತು. ಪ್ರತಿಸ್ಪರ್ಧಿಯ ಮನೆಯ ಮುಂದೆ ಗಾಯಕರ ಚಪ್ಪಲಿಗಳ ರಾಶಿಯನ್ನು ಕಾಣಬಾರದೆಂದು ಅವರು ದೇವಸ್ಥಾನಕ್ಕೂ ಬಳಸುದಾರಿಯಲ್ಲಿ ಹೋಗತೊಡಗಿದರು.

ಅಂಥ ದಿನಗಳಲ್ಲಿ ವಿದುಷಿ ಕನಕಾಂಬ ಬಂದರು. ವಯಸ್ಸು ಎಪ್ಪತ್ತಾರು, ರೋಗದಿಂದ ಕಂಠ ಬಿರುಕುಬಿಟ್ಟಿತ್ತು. ಗುರುಗಳಿಂದ ಕಲಿತ ಕೃತಿಯೊಂದು ಅವರೊಬ್ಬರಲ್ಲೇ ಉಳಿದಿತ್ತು.

"ಮೊದಲು ಮಕ್ತುಂ ಹತ್ರ ಹೋಗಿದ್ದೆ ಕಣಪ್ಪ. ಇದಕ್ಕೆ ಪಶುಪತಿ ಸ್ವಾಮಿಗಳ ಕೈಯೇ ಬೇಕು, ನನ್ನಿಂದಾಗಲ್ಲ ಅಂದ."

ಪಶುಪತಿಗಳ ಕಿವಿ ಬಿಸಿಯಾಯಿತು. "ಅವನು ಕಳಿಸಿದನೋ?"

"ಹೂಂ. ಆಗಲ್ಲ ಅಂತ ನೀನೂ ಹೇಳಿಬಿಡು, ಹೋಗ್ತೀನಿ."

ಆಗದೆಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಆಕೆ ಕುಳಿತಲ್ಲಿಯೇ ಮೆಲ್ಲನೆ ಪಲ್ಲವಿಯನ್ನು ಗುನುಗಿದರು. ಸ್ವರ ಒಡೆದಿತ್ತು, ಭಾವ ಒಡೆದಿರಲಿಲ್ಲ. ಪಶುಪತಿಗಳು ಎದ್ದು ಮೈಕನ್ನು ಆಕೆಯ ಬಳಿಗೆ ಸರಿಸಿದರು.

ಹನ್ನೊಂದು ದಿನ ದುಡಿದರು. ಉಸಿರು ಕಡಿದ ಕಡೆಗಳನ್ನು ಬೆಸೆದರು. ಒಂದು ಸಲ ಹಾಡಿದ್ದರ ಗಟ್ಟಿಸ್ವರವನ್ನು ಇನ್ನೊಂದು ಸಲದ ಬಿರುಕಿಗೆ ತುಂಬಿದರು. ಮುಳ್ಳು ಎಂಬತ್ತೇಳಕ್ಕೆ ನಿಂತಿತು. ಅದನ್ನು ಕಂಡು ಮೊದಲ ಬಾರಿಗೆ ಅವರಿಗೇ ಸಂಕೋಚವಾಯಿತು.

"ಹದಿಮೂರು ನಂದು ಉಳೀತಲ್ಲಪ್ಪ! ಈ ಗಂಟಲಿಗೆ ಅದೇ ಜಾಸ್ತಿ," ಎಂದು ಕನಕಾಂಬ ನಕ್ಕರು.

ಧ್ವನಿಮುದ್ರಿಕೆ ಹೊರಬಂದ ಮರುದಿನ ಬೆಳಿಗ್ಗೆ ದೂರವಾಣಿ ಮೊಳಗಿತು.

"ಸ್ವಾಮ್ಯಾರ, ನಾನು ಮಕ್ತುಂ ರೀ. ಅಮ್ಮಾರ ಹಾಡು ಮೂರು ಸರತೆ ಕೇಳಿದೆ. ಖರೇ ಹೇಳ್ತೀನಿ, ಹೊಟ್ಟ್ಯಾಗ ಬೆಂಕಿ ಬಿದ್ದಂಗ ಆತ್ರೀ. ಇಂಥಾ ಕೈ ನನಗ ಬರಲಿಲ್ಲಲ್ಲಾ ಅಂತ."

ಪಶುಪತಿಗಳು ಕುರ್ಚಿಯನ್ನು ಎಳೆದುಕೊಂಡು ಕುಳಿತರು.

"ಇನ್ನೊಂದು ಸಲ ಹೇಳಿ," ಎಂದರು. "ಲೈನ್ ಸರಿಯಾಗಿಲ್ಲ."

ಲೈನ್ ಸರಿಯಾಗಿಯೇ ಇತ್ತು.